ಕಿವಿಯಚ್ಚು

ದೇಶದ ಹೆಸರು ಹೇಳಬಾರದೆಂದು
ಸಹಿ ಹಾಕಿಸಿಕೊಂಡಿದ್ದಾರೆ.
ಮಾನಸಗಂಗೋತ್ರಿಯ ಈ ಲ್ಯಾಬಿನಲ್ಲಿ
ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ
ಇಂಥದ್ದೊಂದು ಕಾಗದ.

ಪೆಟ್ಟಿಗೆಯ ಮೇಲೆ ಮೂರು ಬಾವುಟ,
ದುಡ್ಡು ಕೊಟ್ಟವರವು.
ಒಳಗೆ ಹತ್ತಿಯ ನಡುವೆ
ಇಪ್ಪತ್ಮೂರು ಜನರ ನಲವತ್ತೊಂದು ಕಿವಿ.

ಕಿವಿಯೆಂದರೆ ಕಿವಿಯಲ್ಲ.
ಕಲಸಿ, ತುಂಬಿ, ಗಟ್ಟಿಯಾದ ಮೇಲೆ
ಮೆಲ್ಲಗೆ ಎಳೆದು ತೆಗೆದ ಗುಲಾಬಿ ಮುದ್ದೆ,
ಒಬ್ಬೊಬ್ಬರ ಒಳಗಿನ ಓಣಿಯ ತಿರುವು.
ಹೆಸರಿಲ್ಲ, ನಂಬರು.
ಸಾಕ್ಷಿಗಳಂತೆ.
ಕಳೆದ ಸಲ ಆಯೋಗದ ಮುಂದೆ
ಏನು, ಏನಂದಿರಿ, ಎಂದು ಕೇಳುತ್ತಲೇ ಇದ್ದವರ ಹೇಳಿಕೆಗೆ
'ಅಸ್ಪಷ್ಟ' ಎಂದು ಬರೆದು
ಕಡತ ಕಟ್ಟಿಟ್ಟರಂತೆ.

ನಮ್ಮಪ್ಪನಿಗೂ ಕೇಳುತ್ತಿರಲಿಲ್ಲ.
ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ
ಕಬ್ಬು ಅರೆಯುವ ಕಡೆ ಮೂವತ್ತು ವರ್ಷ.
ಏನು ಕೇಳಿದರೂ 'ಆಯ್ತು ಬುಡು' ಅನ್ನೋನು.
ಒಪ್ಪಿಗೆ ಅಂದುಕೊಂಡು
ನಾಲೆ ಪಕ್ಕದ ಎಂಟು ಗುಂಟೆ ಮಾರಿಬಿಟ್ಟೆವು.

ಮೇಣದಲ್ಲಿ ಅದ್ದು, ಗಾರೆಯಲ್ಲಿ ಹೂಳು,
ಹುಯ್ಯಿ, ಬೇಯಿಸು, ಉಜ್ಜು.
ಹದಿನಾರರವರೆಗೆ ಕೈ ತನ್ನಷ್ಟಕ್ಕೆ ಓಡಿತು.
ಹದಿನೇಳರ ಎಡಗಿವಿಯ ಬಟ್ಟಲಲ್ಲಿ
ಬೆರಳು ನಿಂತಿತು. ಗಂಟು.
ಮಡಿಸಿ ಮುದುಡಿದ ಹೂಕೋಸಿನ ಚೂರಿನಂತೆ.

ಇದು ಗೊತ್ತು ನನಗೆ.
ನಜರಬಾದಿನ ಗರಡಿಯ ಪೈಲ್ವಾನರು
ಬರುತ್ತಾರಲ್ಲ ವಯಸ್ಸಾದ ಮೇಲೆ,
ಅವರದೂ ಹೀಗೇ, ಆದರೆ ಎರಡೂ ಕಡೆ.
ಇವನ ಬಲಗಿವಿ ನೋಡಿದೆ:
ಹುಟ್ಟಿದಾಗ ಇದ್ದಂತೆಯೇ ನುಣುಪು.
ಅಂದರೆ ಇವನು ಕುಸ್ತಿಯವನಲ್ಲ.
ಎದುರು ನಿಂತಿದ್ದವನು ಬಲಗೈಯವನು.
ಒಂದು ಸಲ ಅಲ್ಲ,
ಇವನಿಗೆ ಕೈ ಎತ್ತಿ ತಡೆಯಲು ಆಗುತ್ತಿರಲಿಲ್ಲ.

ಪಕ್ಕದ ಮೇಜಿನ ಮುನೀರಾ ಚಹಾ ತಂದಿಟ್ಟು
'ಏನ್ಸಾರ್, ಅಷ್ಟೊತ್ತಿಂದ ಒಂದನ್ನೇ' ಎಂದಳು.
ಅಳತೆ, ಎಂದೆ.

ಪೆಟ್ಟಿಗೆ ಒಯ್ಯಲು ಬಂದವಳನ್ನು ಕಮಲ ಎನ್ನುತ್ತೇನೆ,
ಅವಳ ಹೆಸರೂ ಆ ಕಾಗದದೊಳಗಿದೆ.
ಇಲ್ಲೇ ಓದಿದವಳು, ಬೋಗಾದಿಯ ಮೆಸ್ಸಿನ ಮುದ್ದೆಗೆ ಹೊಂದಿದವಳು,
'ಸಾರ್, ಸ್ವಲ್ಪ ಅರ್ಜೆಂಟು' ಎನ್ನುವಷ್ಟು ಕನ್ನಡ.
ದಸರೆಗೆ ಇನ್ನೂ ಹದಿನೈದು ದಿನ.
ಅರಮನೆಯ ಕಡೆ ಆನೆ ಕುದುರೆಗಳಿಗೆ
ಕುಶಾಲತೋಪಿನ ಸದ್ದು ರೂಢಿ ಮಾಡಿಸುತ್ತಿದ್ದರು.
ಮೊದಲನೆಯದಕ್ಕೆ ಕಿಟಕಿ ಸಣ್ಣಗೆ ನಡುಗಿತು, ಅಷ್ಟೇ.
ತಿರುಗಿದರೆ ಕುರ್ಚಿ ಖಾಲಿ.
ಮೇಜಿನಡಿ, ಪೆಟ್ಟಿಗೆಯನ್ನು ಹೊಟ್ಟೆಗೆ ಅವುಚಿಕೊಂಡು
ಉಸಿರು ಎಣಿಸುತ್ತಿದ್ದಳು.
'ಆನೆಗೆ, ಆನೆಗೆ ಕಣಮ್ಮ' ಎಂದೆ.
ಎಷ್ಟು ಪೆದ್ದು ಮಾತು.
ಮತ್ತೆ ಏನೂ ತೋಚದೆ
ನಾನೂ ಇಳಿದು ನೆಲಕ್ಕೆ ಕೂತೆ,
ಇಪ್ಪತ್ತೊಂದೂ ಮುಗಿಯುವ ತನಕ.

ಅಚ್ಚುಗಳನ್ನೆಲ್ಲ ಒಡೆದುಹಾಕಬೇಕು,
ಯಾರ ಗುರುತೂ ಉಳಿಯಬಾರದು:
ಅದೂ ಸಹಿ ಹಾಕಿದ್ದರಲ್ಲಿತ್ತು.
ಸುತ್ತಿಗೆ ಹಿಡಿದು ನಲವತ್ತು ಒಡೆದೆ.

ಮಾರ್ಚಿಯಲ್ಲಿ ವರದಿ ಬಂತು, ನುಣುಪು ಕಾಗದ,
ಫಲಾನುಭವಿಗಳು: ಇಪ್ಪತ್ಮೂರು.
ಬಾವುಟಗಳ ಕೆಳಗೆ ನಗುವ ಫೋಟೊ, ಯಾರದೋ.
ಕಮಲಳ ಕಾಗದ ಬೇರೆ ಬಂತು.
ಹದಿನೇಳು ಎರಡು ಗಂಟೆ ಮಾತಾಡಿದನಂತೆ.
ಪ್ರತಿ ಪ್ರಶ್ನೆಗೂ ನೇರ ಉತ್ತರ, ತಾರೀಖು ಸಮೇತ.
ಆಮೇಲೆ ಆ ಕಡೆಯ ಅಧಿಕಾರಿ ಎದ್ದು
'ಅಂದಿನ ಪರಿಸ್ಥಿತಿಯಲ್ಲಿ' ಎಂದು ಶುರುಮಾಡಿದ ಕೂಡಲೇ
ಎಡಗಿವಿಯದನ್ನು ಕಿತ್ತು, ಬಲಗಿವಿಯದನ್ನೂ ಕಿತ್ತು
ಬೀಡಿಯ ಜೊತೆ ಜೇಬಿಗಿಳಿಸಿ
ಕಿಟಕಿಯಾಚೆ ನೋಡುತ್ತ ಕೂತನಂತೆ.
ಅಧ್ಯಕ್ಷರು ಬಾಯಿಬಿಡಲಿಲ್ಲ,
ಮೂರು ದೇಶದ ವೀಕ್ಷಕರು ಏನೋ ಬರೆದುಕೊಂಡರು.

ಕೊನೆಗೊಂದು ಸಾಲು, ಕನ್ನಡದಲ್ಲೇ, ತಪ್ಪುತಪ್ಪಾಗಿ:
ಬೀಡಿಪುಡಿ ತುಂಬಿ ಎಡದ್ದು ಹಾಳಾಗಿದೆ ಸಾರ್,
ಅಲ್ಲಿ ಅಚ್ಚು ಇದೆಯಾ,
ಎಂದು ಕೇಳಿದ್ದಾಳೆ
ಒಡೆದುಹಾಕಲು ಸಹಿ ಹಾಕಿಸಿಕೊಂಡವಳೇ.